ಮೇಲ್ದಂಡೆಯ ಮಳೆ

ಮಳೆಗಾಲದ ನಸುಕಿನಲ್ಲಿ ಕೃಷ್ಣೆಯ ದಂಡೆಯ ಯಡೂರಿನವರು ಎದ್ದು ಮೊದಲು ವಿಚಾರಿಸುವುದು ತಮ್ಮ ತಲೆಯ ಮೇಲಿನ ಮೋಡವನ್ನಲ್ಲ. ‘ರಾಜಾಪುರದಿಂದ ಎಷ್ಟ ಬಿಟ್ಟಾರಂತ?’ ಎಂಬುದೇ ಮೊದಲ ಮಾತು. ರಾಜಾಪುರದ ಬ್ಯಾರೇಜು ಗಡಿಯಾಚೆ, ಮಹಾರಾಷ್ಟ್ರದ ಶಿರೋಳ ತಾಲ್ಲೂಕಿನಲ್ಲಿದೆ. ಅಲ್ಲಿಂದ ಕೃಷ್ಣೆಗೆ ಬಂದ ಕ್ಯೂಸೆಕ್ ಎಷ್ಟು, ಇತ್ತ ದೂಧಗಂಗೆ ಹೊತ್ತು ತಂದದ್ದೆಷ್ಟು, ಕಲ್ಲೋಳದ ಹತ್ತಿರ ಎರಡೂ ಕೂಡಿದ ಮೇಲೆ ಎಷ್ಟಾಯಿತು ಎಂಬ ಲೆಕ್ಕ ಇಲ್ಲಿ ಶಾಲೆಯ ಹುಡುಗರಿಗೂ ಬಾಯಿಪಾಠ. ಚಿಕ್ಕೋಡಿಯಲ್ಲಿ ಒಂದು ಹನಿ ಬೀಳದ ದಿನವೂ ಕಲ್ಲೋಳ–ಯಡೂರ ಸೇತುವೆ ಮುಳುಗಿದ್ದುಂಟು. ಮಹಾಬಳೇಶ್ವರದಲ್ಲಿ ಮಳೆ ಹಿಡಿದಿರುತ್ತದೆ, ಕೊಯ್ನೆಯ ಅಣೆಕಟ್ಟು ತುಂಬಿರುತ್ತದೆ, ಅಷ್ಟು ಸಾಕು. 2019ರ ಆಗಸ್ಟಿನಲ್ಲಿ ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ದಂಡೆಯೂರುಗಳನ್ನು ನೀರು ಸುತ್ತಿಕೊಂಡಾಗಲೂ ಹೀಗೇ ಆಗಿತ್ತು. ಬೇಸಿಗೆಯಲ್ಲಿ ಇದರ ತಿರುವುಮುರುವು. ಕುಡಚಿ, ಉಗಾರದ ಹತ್ತಿರ ಪಾತ್ರದ ಬಂಡೆಗಳು ಎದ್ದು ಕೂತಿರುತ್ತವೆ. ಆಗ ಬೆಂಗಳೂರಿನಿಂದ ಮುಂಬೈಗೆ ಪತ್ರ ಹೋಗುತ್ತದೆ, ಕೊಯ್ನೆಯಿಂದ ಸ್ವಲ್ಪ ನೀರು ಬಿಡಿರೆಂದು.

ನದಿಯನ್ನು ಹೀಗೆ ಓದಬಲ್ಲ ನಾವು ಲ್ಯಾಬಿನ ಕಾಗದವೊಂದು ಕೈಗೆ ಬಂದೊಡನೆ ಆ ಓದನ್ನು ಮರೆಯುತ್ತೇವೆ. ‘ಕ್ರಿಯಾಟಿನಿನ್ ಏರೈತಿ, ಕಿಡ್ನಿ ವೀಕ್ ಆಗ್ಯಾವಂತ’ ಎಂಬ ಮಾತು ಹೊಸ್ತಿಲು ದಾಟಿದರೆ ಆ ದಿನ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದೂ ತಗ್ಗುತ್ತದೆ. ಯಾರೋ ಡಯಾಲಿಸಿಸ್ಸಿನ ಹೆಸರೆತ್ತುತ್ತಾರೆ. ಯಾರೋ ಫ್ಯಾಕ್ಟರಿಯಿಂದ ಕಬ್ಬಿನ ಬಿಲ್ಲು ಬರುವುದು ಯಾವಾಗ ಎಂದು ಬೆರಳು ಮಡಿಸುತ್ತಾರೆ. ಮಾತೆಲ್ಲ ಸೊಂಟದ ಹಿಂದಿರುವ ಆ ಎರಡು ಅಂಗಗಳ ಸುತ್ತಲೇ ಸುತ್ತುತ್ತದೆ. ಕುತ್ತಿಗೆಯ ಕಡೆ ಯಾರ ಲಕ್ಷ್ಯವೂ ಹೋಗುವುದಿಲ್ಲ.

ಕುತ್ತಿಗೆಯ ಮುಂಭಾಗದಲ್ಲಿ, ಗಂಟಲ ಉಬ್ಬಿನ ಕೆಳಗೆ ಥೈರಾಯ್ಡ್ ಗ್ರಂಥಿ ಇದೆ. ತೂಕ ಇಪ್ಪತ್ತು ಗ್ರಾಮಿನ ಆಸುಪಾಸು. ಅದು ದಿನಕ್ಕೆ ಉತ್ಪತ್ತಿ ಮಾಡುವ ಥೈರಾಕ್ಸಿನ್ ಎಂಬ ಹಾರ್ಮೋನು ನೂರು ಮೈಕ್ರೋಗ್ರಾಮಿಗಿಂತ ತುಸು ಕಡಿಮೆ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಗ್ರಾಂ. ದಿನಕ್ಕೆ ನೂರರಂತೆ ಮೂವತ್ತು ವರ್ಷ ನುಂಗಿದರೂ ಒಟ್ಟು ಮೊತ್ತ ಒಂದು ಗ್ರಾಮಿನ ಮೇಲೆ ಚೂರು. ರೊಟ್ಟಿ ಮುರಿದು ಹಿಂಡಿಗೆ ಅದ್ದುವಾಗ ಬೆರಳಿಗೆ ಹತ್ತುವಷ್ಟು ದ್ರವ್ಯ, ಒಂದು ಹೆಣ್ಣುಮಗಳ ಮೂವತ್ತು ವರ್ಷದ ಚೈತನ್ಯ. ಈ ಲೆಕ್ಕ ಮಾಡಿದಾಗಲೆಲ್ಲ ನನಗೆ ವೈದ್ಯಶಾಸ್ತ್ರಕ್ಕಿಂತ ಸೃಷ್ಟಿಯ ಮೇಲೆಯೇ ಹೆಚ್ಚು ಬೆರಗು.

ಇನ್ನು ಮೂತ್ರಪಿಂಡ. ದೇಹದ ತೂಕದಲ್ಲಿ ಅವೆರಡರ ಪಾಲು ನೂರಕ್ಕೆ ಅರ್ಧವೂ ಮುಟ್ಟುವುದಿಲ್ಲ. ಆದರೆ ಹೃದಯ ನಿಮಿಷಕ್ಕೆ ನೂಕುವ ಐದು ಲೀಟರ್ ರಕ್ತದಲ್ಲಿ ಐದನೆಯ ಒಂದು ಪಾಲು, ಅಂದರೆ ಸರಿಸುಮಾರು ಒಂದು ಲೀಟರ್, ನೇರ ಅವುಗಳಿಗೇ ಹೋಗುತ್ತದೆ. ಒಂದೊಂದರಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ನಾಳಗಳು. ದಿನವೊಂದಕ್ಕೆ ಸೋಸುವ ದ್ರವ 180 ಲೀಟರ್. ಅದರಲ್ಲಿ ತೊಂಬತ್ತೊಂಬತ್ತು ಪಾಲನ್ನು ಮರಳಿ ರಕ್ತಕ್ಕೆ ಸೇರಿಸಿ, ಒಂದೂವರೆ ಲೀಟರಿನಷ್ಟನ್ನು ಮೂತ್ರವಾಗಿ ಹೊರಗೆ ಬಿಡುತ್ತವೆ. ಇಷ್ಟು ದೊಡ್ಡ ಕೆಲಸ ಎಷ್ಟು ನಡೆಯಬೇಕೆಂಬುದು ಮೂತ್ರಪಿಂಡದ ಕೈಯಲ್ಲಿ ಪೂರ್ತಿ ಇಲ್ಲ. ಮೇಲಿನಿಂದ ಎಷ್ಟು ಬಂತೋ ಅದರ ಮೇಲೆ.

ಮೇಲಿನಿಂದ ಬರುವ ಆ ಹರಿವಿನ ಮೇಲೆ ಕುತ್ತಿಗೆಯ ಗ್ರಂಥಿಗೆ ದೊಡ್ಡ ಹಿಡಿತ. ಥೈರಾಕ್ಸಿನ್ ತಗ್ಗಿದರೆ ಹೃದಯದ ಬಡಿತ ನಿಧಾನವಾಗುತ್ತದೆ, ಅದರ ನೂಕು ಸಡಿಲಾಗುತ್ತದೆ. ರಕ್ತನಾಳಗಳು ಹಿಗ್ಗುವುದನ್ನು ಮರೆತು ಬಿಗಿಯುತ್ತವೆ. ಮೂತ್ರಪಿಂಡಕ್ಕೆ ಬರುವ ರಕ್ತ ಇಳಿಯುತ್ತದೆ, ಸೋಸುವ ಪ್ರಮಾಣವೂ ಇಳಿಯುತ್ತದೆ. ಸ್ನಾಯುಗಳಿಂದ ಹುಟ್ಟಿ ಮೂತ್ರದಲ್ಲಿ ಹೋಗಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ನಿಲ್ಲುತ್ತದೆ. ಕೆಲವರಲ್ಲಿ ಥೈರಾಯ್ಡ್ ಕೊರತೆಯಿಂದ ಸ್ನಾಯುಗಳೇ ನವೆದು ಇನ್ನಷ್ಟು ಸುರಿಯುತ್ತವೆ. ಲ್ಯಾಬಿನ ಯಂತ್ರಕ್ಕೆ ಇದ್ಯಾವುದೂ ಗೊತ್ತಿಲ್ಲ. ಅದು ಒಂದು ಅಂಕಿ ಅಚ್ಚು ಮಾಡುತ್ತದೆ. ಆ ಅಂಕಿ, ವಯಸ್ಸು, ಗಂಡೋ ಹೆಣ್ಣೋ ಎಂಬುದನ್ನು ಸೂತ್ರಕ್ಕೆ ಹಾಕಿದರೆ ಸೋಸುವ ಶಕ್ತಿಯ ಅಂದಾಜು ಬರುತ್ತದೆ. ಅದು ಅರವತ್ತರ ಕೆಳಗೆ ಬಂದರೆ ಕಾಗದದ ಅಂಚಿನಲ್ಲಿ ಕಪ್ಪು ಅಕ್ಷರ.

ಮೂತ್ರಪಿಂಡ ಕೆಟ್ಟಿರುವುದಿಲ್ಲ. ಪಾತ್ರದಲ್ಲಿ ನೀರು ಕಡಿಮೆ, ಅಷ್ಟೇ.

ಇದು ಊಹೆಯ ಮಾತಲ್ಲ. ಥೈರಾಯ್ಡ್ ಕ್ಯಾನ್ಸರಿಗೆ ಗ್ರಂಥಿ ತೆಗೆಸಿಕೊಂಡವರಿಗೆ ವಿಕಿರಣ ಅಯೋಡಿನ್ ಕೊಡುವ ಮುನ್ನ ಕೆಲವು ವಾರ ಥೈರಾಕ್ಸಿನ್ ಗುಳಿಗೆ ನಿಲ್ಲಿಸುವ ಪದ್ಧತಿಯಿದೆ. ಆ ವಾರಗಳಲ್ಲಿ ಅವರ ಕ್ರಿಯಾಟಿನಿನ್ ಮೆಲ್ಲಗೆ ಏರುವುದನ್ನೂ ಗುಳಿಗೆ ಮತ್ತೆ ಶುರುವಾದ ಮೇಲೆ ಅದು ಇಳಿಯುವುದನ್ನೂ ವೈದ್ಯರು ಕಂಡಿದ್ದಾರೆ, ಬರೆದಿಟ್ಟಿದ್ದಾರೆ. ಮನುಷ್ಯ ಅದೇ, ಮೂತ್ರಪಿಂಡ ಅದೇ; ನಡುವೆ ಬದಲಾದದ್ದು ಒಂದು ಗುಳಿಗೆ. ಹಳೆಯ ವೈದ್ಯರಿಗೆ ಈ ನಂಟಿನ ವಾಸನೆ ನೂರು ವರ್ಷಕ್ಕೂ ಹಿಂದೆಯೇ ಹತ್ತಿತ್ತು. 1917ರಲ್ಲಿ ವಿಯೆನ್ನಾದ ವೈದ್ಯರೊಬ್ಬರು ಮೈಬಾವು ಇಳಿಸಲು ಥೈರಾಯ್ಡ್ ಗ್ರಂಥಿಯ ಸತ್ವ ಕೊಡುವ ವಿಷಯವಾಗಿ ಒಂದು ಪುಸ್ತಕವನ್ನೇ ಪ್ರಕಟಿಸಿದ್ದರು. ಅದಕ್ಕೂ ಮೊದಲು, 1891ರಲ್ಲಿ, ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ತರುಣ ವೈದ್ಯ ಕುರಿಯ ಥೈರಾಯ್ಡ್ ಗ್ರಂಥಿಯ ರಸ ತೆಗೆದು ನಲವತ್ತಾರು ವರ್ಷದ ಹೆಂಗಸೊಬ್ಬಳಿಗೆ ಚುಚ್ಚಿದ. ಮಾತು ತೊದಲುತ್ತ, ಮುಖ ಊದಿ, ಚಳಿಗೆ ನಡುಗುತ್ತಿದ್ದವಳು ಎದ್ದು ಓಡಾಡಿದಳು. ಮುಂದೆ 28 ವರ್ಷ ಬದುಕಿದಳು. ಅಷ್ಟು ವರ್ಷಗಳಿಗೆ ಆಕೆಗೆ ಬೇಕಾದದ್ದು 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ. ಭಾರತ ಹುಣ್ಣಿಮೆಗೆ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಬರುವ ಕುರುಬರಿಗೆ ಈ ಕಥೆ ಹೇಳಬೇಕೆಂದು ನನಗೆ ಬಹಳ ಸಲ ಅನಿಸಿದೆ. ಕುರಿಯ ಉಣ್ಣೆ, ಹಾಲು, ಗೊಬ್ಬರ ಎಲ್ಲದರ ಬೆಲೆ ಬಲ್ಲವರು, ಅದರ ಗಂಟಲಲ್ಲಿ ಮನುಷ್ಯನ ಆಯುಷ್ಯವೂ ಇತ್ತೆಂದರೆ ನಕ್ಕಾರು.

ಬಾವಿನ ಮಾತು ಬಂತಲ್ಲ. ಬೆಳಗ್ಗೆ ಕನ್ನಡಿಯ ಮುಂದೆ ನಿಂತಾಗ ಕಣ್ಣಿನ ಸುತ್ತ ಊದಿದಂತೆ ಕಂಡರೆ ನಮ್ಮ ಕಡೆ ತಕ್ಷಣ ಕಿಡ್ನಿಯ ಅನುಮಾನ. ಮೂತ್ರಪಿಂಡದ ಕಾಯಿಲೆಯಲ್ಲಿ ಹೀಗಾಗುವುದು ನಿಜ. ಥೈರಾಯ್ಡ್ ಕೊರತೆಯಲ್ಲೂ ಮುಖ ಹೀಗೇ ಊದಿಕೊಳ್ಳುತ್ತದೆ. ಕಾಲಿನ ಬಾವಿನ ಮೇಲೆ ಹೆಬ್ಬೆರಳೊತ್ತಿದರೆ ಕಿಡ್ನಿಯ ಬಾವಿನಲ್ಲಿ ಗುಳಿ ಬಿದ್ದು ಸ್ವಲ್ಪ ಹೊತ್ತು ಉಳಿಯುತ್ತದೆ. ಥೈರಾಯ್ಡ್ ಬಾವಿನಲ್ಲಿ ಸಾಮಾನ್ಯವಾಗಿ ಗುಳಿ ಬೀಳುವುದಿಲ್ಲ, ಚರ್ಮ ದಪ್ಪಗೆ ಒಣಗಿದಂತಿರುತ್ತದೆ. ಇದನ್ನೇ ನೆಚ್ಚಿ ಮನೆಯಲ್ಲಿ ತೀರ್ಪು ಕೊಡುವಂತಿಲ್ಲ, ಎರಡೂ ಒಟ್ಟಿಗೆ ಇರಬಹುದು. ಮಲಬದ್ಧತೆ, ಮೈಭಾರ, ಕೂದಲು ಉದುರುವುದು, ಗೊಗ್ಗರು ದನಿ, ಬಿಸಿಲಲ್ಲೂ ಸೆರಗು ಹೊದ್ದು ಕೂರುವುದು ಇವೂ ಜೊತೆಗಿದ್ದರೆ ಕುತ್ತಿಗೆಯ ಪರೀಕ್ಷೆ ಆಗಲೇಬೇಕು.

ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ದುಡಿದು, ಮನೆಗೆ ಬಂದು ಬೀಡಿ ಸುತ್ತಿದ ಹೆಣ್ಣುಮಕ್ಕಳನ್ನು ನೆನೆಯುತ್ತೇನೆ. ಕಬ್ಬು ಕಡಿಯುವ ಗ್ಯಾಂಗಿನವರನ್ನೂ. ಅವರಿಗೆ ಮೈಕೈ ನೋವೆಂಬುದು ರೋಗವಲ್ಲ, ಹೊತ್ತು ಮುಳುಗಿದ್ದರ ಗುರುತು. ಥೈರಾಯ್ಡ್ ತಗ್ಗಿದಾಗಲೂ ಮಂಡಿ ಹಿಡಿಯುತ್ತದೆ, ತೊಡೆಯ ಸ್ನಾಯು ಸೆಳೆಯುತ್ತದೆ, ಮೆಟ್ಟಿಲು ಹತ್ತಲು ಆಗುವುದಿಲ್ಲ. ‘ದುಡದ ಮೈ, ನೋವು ಇರೂದ’ ಎಂದು ಅಂಗಡಿಯ ನೋವಿನ ಗುಳಿಗೆ ನುಂಗುತ್ತಾರೆ, ದಿನಾ ಒಂದು, ಹಬ್ಬಕ್ಕೆ ಎರಡು. ಇಲ್ಲಿ ಅಪಾಯ ಒಂದರ ಮೇಲೊಂದು ಕೂರುತ್ತದೆ. ಹರಿವು ತಗ್ಗಿದ ಹೊತ್ತಿನಲ್ಲಿ ಮೂತ್ರಪಿಂಡ ತನ್ನ ಒಳದಾರಿಯ ರಕ್ತನಾಳವನ್ನು ಹಿಗ್ಗಿಸಿಟ್ಟುಕೊಂಡು ಹೇಗೋ ಸುಧಾರಿಸುತ್ತಿರುತ್ತದೆ. ಅದಕ್ಕೆ ಬೇಕಾದ ಪ್ರೊಸ್ಟಾಗ್ಲಾಂಡಿನ್ ಎಂಬ ದ್ರವ್ಯವನ್ನೇ ಡೈಕ್ಲೋಫಿನಾಕ್, ಐಬುಪ್ರೊಫೆನ್ ಜಾತಿಯ ಗುಳಿಗೆಗಳು ತಡೆಯುತ್ತವೆ. ಮೇಲಿನಿಂದ ನೀರು ಕಡಿಮೆಯಾದಾಗಲೇ ಬಾಗಿಲನ್ನೂ ಇಳಿಸಿದಂತೆ. ತಾತ್ಕಾಲಿಕವಾಗಿದ್ದ ಕುಸಿತ ಹೀಗೆ ನಿಜವಾದ ಗಾಯವಾಗಿ ಬಲಿಯಬಹುದು. ಕುತ್ತಿಗೆಯ ಕೊರತೆ ಮಂಡಿಯ ನೋವಾಗಿ, ಮಂಡಿಯ ನೋವಿನ ಗುಳಿಗೆ ಕಿಡ್ನಿಯ ರೋಗವಾಗಿ ತಿರುಗುವ ಈ ದಾರಿಯಲ್ಲಿ ಯಾರೂ ದುಷ್ಟರಿಲ್ಲ. ಕೇಳಬೇಕಾದ ಪ್ರಶ್ನೆಯೊಂದನ್ನು ಯಾರೂ ಕೇಳಲಿಲ್ಲ, ಅಷ್ಟೇ.

ನೀರಿನದೇ ಇನ್ನೊಂದು ಕಥೆ. ‘ಕಿಡ್ನಿಗೆ ನೀರು ಚಲೋ, ಕೊಡ ಕುಡೀರಿ’ ಎಂಬುದು ನಮ್ಮಲ್ಲಿ ಬಿಟ್ಟಿ ಸಿಗುವ ಸಲಹೆ. ಥೈರಾಯ್ಡ್ ತೀರ ತಗ್ಗಿದ ಮುದುಕರಲ್ಲಿ ಮೂತ್ರಪಿಂಡಕ್ಕೆ ಹೆಚ್ಚಿನ ನೀರನ್ನು ಹೊರಹಾಕುವ ಚುರುಕು ಉಳಿದಿರುವುದಿಲ್ಲ. ಕುಡಿದ ನೀರು ಒಳಗೇ ನಿಂತು ರಕ್ತದ ಸೋಡಿಯಂ ತಿಳಿಯಾಗುತ್ತದೆ. ಅಜ್ಜ ಮಂಕಾಗುತ್ತಾನೆ, ಹೆಸರು ತಪ್ಪಿ ಕರೆಯುತ್ತಾನೆ, ಹಗಲೆಲ್ಲ ತೂಗುತ್ತಾನೆ. ವಯಸ್ಸಾಯಿತೆಂದು ಮನೆಯವರು ಬಿಡುತ್ತಾರೆ. ರಕ್ತದ ಎರಡು ಪರೀಕ್ಷೆ, ಸೋಡಿಯಂ ಒಂದು, ಥೈರಾಯ್ಡಿನ ಸ್ಥಿತಿ ಹೇಳುವ ಟಿಎಸ್‌ಎಚ್ ಇನ್ನೊಂದು, ಆ ವಯಸ್ಸನ್ನು ಹತ್ತು ವರ್ಷ ಹಿಂದಕ್ಕೆ ತಂದಾವು.

ಕೊರತೆಯಷ್ಟೇ ಅಲ್ಲ, ನೆರೆಯೂ ಇದೆ. ಗ್ರಂಥಿ ಮಿತಿಮೀರಿ ಸುರಿಸತೊಡಗಿದರೆ ಹೃದಯ ಓಡುತ್ತದೆ, ರಕ್ತನಾಳ ಹಿಗ್ಗುತ್ತದೆ, ಮೂತ್ರಪಿಂಡ ಎಂದಿಗಿಂತ ಹೆಚ್ಚು ಸೋಸುತ್ತದೆ. ಜೊತೆಗೆ ಸ್ನಾಯು ಕರಗಿ ಕ್ರಿಯಾಟಿನಿನ್ನಿನ ಹುಟ್ಟೇ ಕಡಿಮೆಯಾಗುತ್ತದೆ. ಕಾಗದದ ಮೇಲಿನ ಅಂಕಿ ಚೆಂದ ಕಾಣುತ್ತದೆ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಮೊದಲೇ ಸವೆದಿದ್ದರೆ ಆ ಸವೆತ ಈ ನೆರೆಯಡಿ ಮುಳುಗಿ ಕಾಣುವುದೇ ಇಲ್ಲ. ಥೈರಾಯ್ಡ್ ಹತೋಟಿಗೆ ಬಂದ ಮೇಲೆ ಕ್ರಿಯಾಟಿನಿನ್ ಏರುತ್ತದೆ. ‘ಆ ಔಷಧದಿಂದ ಕಿಡ್ನಿ ಹೋಯಿತು’ ಎಂದು ಸುದ್ದಿ ಹಬ್ಬುತ್ತದೆ. ಹೋದದ್ದು ಹಿಂದೆಯೇ ಹೋಗಿತ್ತು. ನೀರಿಳಿದ ಮೇಲೆ ಕಂಡಿತು. ಕ್ರಿಯಾಟಿನಿನ್ ಬೇಡ, ಸಿಸ್ಟಾಟಿನ್-ಸಿ ಎಂಬ ಹೊಸ ಪರೀಕ್ಷೆ ಮಾಡಿಸೋಣ ಎಂದರೆ ಅದೂ ಥೈರಾಯ್ಡಿನ ಮಾತು ಕೇಳುತ್ತದೆ, ಅದೂ ಉಲ್ಟಾ ದಿಕ್ಕಿನಲ್ಲಿ: ಕೊರತೆಯಲ್ಲಿ ಇಳಿದು, ಹೆಚ್ಚಳದಲ್ಲಿ ಏರುತ್ತದೆ. ಅಳೆಯುವ ಕೋಲೇ ಉದ್ದ ಗಿಡ್ಡ ಆಗುವಲ್ಲಿ ಮೊದಲು ಥೈರಾಯ್ಡನ್ನು ನೆಲೆಗೆ ತಂದು ಆಮೇಲೆ ಮೂತ್ರಪಿಂಡವನ್ನು ಅಳೆಯುವುದೇ ಜಾಣತನ.

ಈ ಸೀಮೆಯಲ್ಲಿ ಇನ್ನೊಂದು ತೊಡಕಿದೆ, ಅದು ಪಾಠದ ಪುಸ್ತಕದಲ್ಲಿ ಸಿಗುವುದಿಲ್ಲ. ಕಾಗವಾಡಕ್ಕೆ ಬೆಳಗಾವಿಗಿಂತ ಮಿರಜ ಎಷ್ಟೋ ಹತ್ತಿರ. 1894ರಲ್ಲಿ ಅಲ್ಲಿ ವಾನ್‌ಲೆಸ್ ಸಾಹೇಬರ ಮಿಷನ್ ಆಸ್ಪತ್ರೆ ಬಾಗಿಲು ತೆರೆದಾಗಿನಿಂದ ಅಥಣಿ, ರಾಯಬಾಗದ ಕಡೆಯವರು ದೊಡ್ಡ ಬೇನೆಗೆ ಮಿರಜಕ್ಕೆ ಹೋದವರೇ. ನಿಪ್ಪಾಣಿಯವರು ಕೊಲ್ಹಾಪುರಕ್ಕೆ ಹೋಗುತ್ತಾರೆ. ದಕ್ಷಿಣಕ್ಕೆ ನಡೆದರೆ ಬೆಳಗಾವಿಯ ಕೆಎಲ್‌ಇ ಆಸ್ಪತ್ರೆ. ರಾಯಬಾಗದ ಬದಿಯ ಒಬ್ಬ ತಾಯಿಯನ್ನು ಎಣಿಸಿಕೊಳ್ಳಿ. ಹತ್ತು ವರ್ಷದ ಹಿಂದೆ ಬಾಣಂತನದ ಹೊತ್ತಿಗೆ ಬೆಳಗಾವಿಯಲ್ಲಿ ಥೈರಾಯ್ಡ್ ಗುಳಿಗೆ ಶುರುವಾಗಿತ್ತು. ನಡುವೆ ‘ಈಗ ಆರಾಮ ಐತಿ’ ಎಂದು ಬಿಟ್ಟರು. ಈಗ ಕಾಲು ಬಾತು ಮಿರಜಕ್ಕೆ ಹೋದರೆ ಅಲ್ಲಿ ಹೊಸ ಕಡತ, ಕ್ರಿಯಾಟಿನಿನ್ನಿನ ಕಡತ. ವೈದ್ಯರು ಮರಾಠಿಯಲ್ಲಿ ಕೇಳುತ್ತಾರೆ, ತಾಯಿ ಕನ್ನಡದಲ್ಲಿ ಅರ್ಧ ಮರಾಠಿಯಲ್ಲಿ ಅರ್ಧ ಉತ್ತರಿಸುತ್ತಾರೆ, ಕಾಗದವೆಲ್ಲ ಇಂಗ್ಲಿಷಿನಲ್ಲಿ. ಭಾಷೆ ಅಡ್ಡಬರುವುದಿಲ್ಲ, ಈ ಗಡಿಯಲ್ಲಿ ಎರಡು ಭಾಷೆ ಒಂದೇ ಬಾಯಲ್ಲಿ ಸಲೀಸಾಗಿ ಸಂಸಾರ ಮಾಡುತ್ತವೆ. ಅಡ್ಡಬರುವುದು ಮನೆಯ ಟ್ರಂಕಿನಲ್ಲಿ ಉಳಿದುಹೋದ ಆ ಹಳೆಯ ಕಡತ. ಒಂದೇ ದೇಹದ ಎರಡು ಅಂಗಗಳ ಸಮಾಚಾರ ಎರಡು ರಾಜ್ಯಗಳಲ್ಲಿ ಕೂತಿದೆ, ಒಂದಕ್ಕೊಂದು ಭೇಟಿಯಾಗಿಲ್ಲ. ಗಡಿ ವಿವಾದದ ಬಗ್ಗೆ ನಮ್ಮಲ್ಲಿ ಎಷ್ಟೋ ಭಾಷಣಗಳಾಗಿವೆ. ಹಳೆಯ ಪ್ರಿಸ್ಕ್ರಿಪ್ಷನ್ನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗಿ ಎಂದು ಯಾರೂ ಭಾಷಣ ಮಾಡಿದ್ದು ಕೇಳಿಲ್ಲ.

ಹೀಗೆಂದು ಏರಿದ ಕ್ರಿಯಾಟಿನಿನ್ನೆಲ್ಲ ಥೈರಾಯ್ಡಿನದೇ ಎಂದು ಸಮಾಧಾನ ಪಡುವಂತಿಲ್ಲ. ಮೂತ್ರಪಿಂಡವನ್ನು ಹೆಚ್ಚಾಗಿ ಹಾಳುಮಾಡುವುವು ಸಕ್ಕರೆ ಮತ್ತು ರಕ್ತದೊತ್ತಡ. ಥೈರಾಯ್ಡ್ ತಗ್ಗಿದಷ್ಟೂ ಏರುವ ಟಿಎಸ್‌ಎಚ್‌ನ ಸಾಮಾನ್ಯ ಮಿತಿ ಸುಮಾರು 0.4ರಿಂದ 4ರವರೆಗೆ. ಅದು ಆರೋ ಏಳೋ ಆದರೆ ಅದರ ತಲೆಗೆ ಕಿಡ್ನಿಯ ಹೊರೆಯೆಲ್ಲ ಕಟ್ಟುವುದು ಅನ್ಯಾಯ. ಐವತ್ತು, ನೂರು ದಾಟಿದ್ದರೆ ಮಾತೇ ಬೇರೆ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂಬುದನ್ನು ಹೇಗೂ ನೋಡಲೇಬೇಕು. ಕಿಡ್ನಿ ಸುಧಾರಿಸುತ್ತದೆಂದು ಥೈರಾಯ್ಡ್ ಗುಳಿಗೆಯನ್ನು ತಾನೇ ಹೆಚ್ಚಿಸಿಕೊಳ್ಳುವವರೂ ಇದ್ದಾರು. ವಯಸ್ಸಾದವರಲ್ಲಿ ಅದು ಹೃದಯದ ತಾಳ ತಪ್ಪಿಸುತ್ತದೆ, ಎಲುಬು ಸವೆಸುತ್ತದೆ. ನಾನು ಹೇಳುವುದು ಇಷ್ಟೇ: ದೀರ್ಘಕಾಲದ ಕಿಡ್ನಿ ರೋಗ ಎಂಬ ಹಣೆಪಟ್ಟಿ ಹಚ್ಚಲು ವೈದ್ಯಶಾಸ್ತ್ರವೇ ಮೂರು ತಿಂಗಳು ಕಾಯುತ್ತದೆ. ಆ ಮೂರು ತಿಂಗಳಲ್ಲಿ ಒಂದು ಟಿಎಸ್‌ಎಚ್ ಪರೀಕ್ಷೆಗೆ ಜಾಗವಿದೆ. ಕೊರತೆ ಸಿಕ್ಕರೆ ಗುಳಿಗೆ ಶುರುಮಾಡಿ ಆರರಿಂದ ಎಂಟು ವಾರಕ್ಕೆ ಮತ್ತೆ ನೋಡುತ್ತಾರೆ. ಥೈರಾಕ್ಸಿನ್ ಅವಸರದ ದ್ರವ್ಯವಲ್ಲ, ರಕ್ತದಲ್ಲಿ ಅದು ಅರ್ಧವಾಗಲು ಒಂದು ವಾರವೇ ಹಿಡಿಯುತ್ತದೆ. ಕಾಯುವ ಈ ಕಾಲವನ್ನು ಸೋಲೆಂದು ತಿಳಿಯದಿದ್ದರೆ ಅರ್ಧ ಚಿಂತೆ ಕಡಿಮೆ.

ನದಿಯ ಹೋಲಿಕೆಯನ್ನು ಇಲ್ಲಿಗೆ ಕೆಳಗಿಡಬೇಕು. ಯಡೂರಿನ ನೀರು ಮಹಾಬಳೇಶ್ವರಕ್ಕೆ ಹಿಂದಿರುಗಿ ಹರಿಯುವುದಿಲ್ಲ. ದೇಹದಲ್ಲಿ ಹರಿಯುತ್ತದೆ. ಮೂತ್ರಪಿಂಡ ನಿಜವಾಗಿಯೂ ಕೆಟ್ಟಾಗ ಅದು ಕುತ್ತಿಗೆಯನ್ನು ಕೆಡಿಸುತ್ತದೆ. ಮೂತ್ರದಲ್ಲಿ ಪ್ರೋಟೀನ್ ಧಾರಾಳವಾಗಿ ಸೋರುವ ನೆಫ್ರಾಟಿಕ್ ಕಾಯಿಲೆಯಲ್ಲಿ ಥೈರಾಕ್ಸಿನ್ನನ್ನು ಹೊತ್ತು ತಿರುಗುವ ಪ್ರೋಟೀನೂ ಸೋರಿ ಹೋಗುತ್ತದೆ, ಅದರೊಂದಿಗೆ ಹಾರ್ಮೋನೂ. ನಾವು ಉಪ್ಪಿನಲ್ಲಿ ತಿಂದ ಅಯೋಡಿನ್ ಬಹುಪಾಲು ಹೊರಹೋಗುವುದು ಮೂತ್ರಪಿಂಡದ ಮೂಲಕ. ಅವು ಸೋತರೆ ಅಯೋಡಿನ್ ಒಳಗೆ ನಿಲ್ಲುತ್ತದೆ, ಹೆಚ್ಚಾದ ಅಯೋಡಿನ್ನಿಗೂ ಗ್ರಂಥಿ ಮುನಿಯುತ್ತದೆ. ಕಿಡ್ನಿ ರೋಗ ಬಲಿತಂತೆ ಥೈರಾಕ್ಸಿನ್ ತನ್ನ ಚುರುಕು ರೂಪವಾದ ಟಿ3ಗೆ ತಿರುಗುವುದೂ ಕುಂದುತ್ತದೆ. ಟಿ3 ಒಂದೇ ತಗ್ಗಿದ್ದಕ್ಕೆ ಸಾಮಾನ್ಯವಾಗಿ ವೈದ್ಯರು ಗುಳಿಗೆ ಬರೆಯುವುದಿಲ್ಲ, ಅದು ಸೋತ ದೇಹ ಖರ್ಚು ಕಡಿಮೆ ಮಾಡಿಕೊಳ್ಳುವ ಬಗೆಯೂ ಇರಬಹುದೆಂಬ ವಾದವಿದೆ. ನನಗೆ ಈ ವಾದ ಹಿಡಿಸುತ್ತದೆ. ದೇಹ ಮಾಡುವುದನ್ನೆಲ್ಲ ತಪ್ಪೆಂದು ತಿದ್ದಹೋಗದ ವೈದ್ಯರು ನನಗೆ ಇಷ್ಟ.

ಎರಡೂ ರೋಗ ಇದ್ದವರಿಗೆ ದಿನದ ವೇಳಾಪಟ್ಟಿಯೇ ಔಷಧದ ಅರ್ಧ ಭಾಗ. ಥೈರಾಕ್ಸಿನ್ ಗುಳಿಗೆಯನ್ನು ನಸುಕಿಗೆ, ಬರಿಹೊಟ್ಟೆಯಲ್ಲಿ, ಬರಿನೀರಿನಲ್ಲಿ ನುಂಗಿ, ಚಹಾಕ್ಕೆ ಅರ್ಧದಿಂದ ಒಂದು ತಾಸು ಕಾಯಬೇಕು. ನಮ್ಮ ಕಡೆ ಚಹಾ ಇಲ್ಲದೆ ಬಾಯಿ ತೆರೆಯದವರಿಗೆ ಇದು ಸಣ್ಣ ತಪಸ್ಸಲ್ಲ. ಭೋಜದ ಶಾಂತಿಸಾಗರ ಮುನಿಗಳನ್ನು, ಶೇಡಬಾಳದ ವಿದ್ಯಾನಂದರನ್ನು, ಸದಲಗಾದ ವಿದ್ಯಾಸಾಗರರನ್ನು ಕೊಟ್ಟ ಈ ಸೀಮೆಯ ಜೈನ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣದವರು ಇನ್ನೂ ಇದ್ದಾರೆ. ಅವರಿಗೆ ಬೆಳಗಿನ ಬರಿಹೊಟ್ಟೆ ಆಗಲೇ ಸಿದ್ಧ. ಆದರೆ ಊಟವಾಗಿ ಮೂರು ತಾಸಿನ ಮೇಲೆ, ಮಲಗುವ ಮುನ್ನ ಗುಳಿಗೆ ನುಂಗುವ ಅನುಕೂಲ ಬೇರೆಯವರಿಗಿದೆ, ರಾತ್ರಿ ನೀರನ್ನೂ ಮುಟ್ಟದವರಿಗೆ ಇಲ್ಲ. ವೈದ್ಯರಿಗೆ ಇದನ್ನು ಬಾಯಿಬಿಟ್ಟು ಹೇಳಬೇಕು. ಕಿಡ್ನಿ ರೋಗಿಗೆ ರಂಜಕ ತಗ್ಗಿಸಲು ಊಟದ ಜೊತೆ ಕ್ಯಾಲ್ಸಿಯಂ ಗುಳಿಗೆ ಕೊಟ್ಟಿರುತ್ತಾರೆ, ರಕ್ತ ಕಡಿಮೆಯೆಂದು ಕಬ್ಬಿಣದ್ದೂ ಇರುತ್ತದೆ. ಇವು ಹೊಟ್ಟೆಯಲ್ಲಿ ಥೈರಾಕ್ಸಿನ್ನನ್ನು ಹಿಡಿದಿಟ್ಟು ರಕ್ತಕ್ಕೆ ಸೇರಗೊಡುವುದಿಲ್ಲ, ಆದ್ದರಿಂದ ನಡುವೆ ನಾಲ್ಕು ತಾಸಿನ ಅಂತರ ಬೇಕು. ಡಬ್ಬಿಗಳನ್ನೆಲ್ಲ ಒಂದೇ ತಟ್ಟೆಯಲ್ಲಿ ಸುರಿದು ಒಂದೇ ಗುಟುಕಿಗೆ ನುಂಗಿ ‘ಮುಗೀತ’ ಎನ್ನುವ ಮನೆಗಳಲ್ಲಿ ಟಿಎಸ್‌ಎಚ್ ಏಕೆ ಇಳಿಯುತ್ತಿಲ್ಲವೆಂದು ಗುಳಿಗೆಯ ತೂಕ ಏರಿಸುತ್ತಲೇ ಹೋಗುತ್ತಾರೆ. ಸೊಸೆಯೋ ಮಗನೋ ಡಬ್ಬಿಗಳ ಮೇಲೆ ಹೊತ್ತು ಬರೆದು ಅಂಟಿಸಿದರೆ ಆಯಿತು: ನಸುಕಿಗೆ ಇದು, ಊಟಕ್ಕೆ ಅದು. ಕನ್ನಡದಲ್ಲಿ ಬರೆದರೂ ಸರಿ, ಮರಾಠಿಯಲ್ಲಿ ಬರೆದರೂ ಸರಿ.